ಯಾರ ಮನೆಯೂ ಅಲ್ಲದಲ್ಲಿ ಒಂದು ಊಟ

ನಾವು ಐವರು ಗೆಳೆಯರು ಒಂದೇ ಮೇಜಿಗೆ ಕೂತು ಊಟ ಮಾಡಿ ಏಳು ವರ್ಷವಾಗಿತ್ತು. ದೂರವಿದ್ದೆವು, ಬಿಡುವಿರಲಿಲ್ಲ ಎಂದು ಕೇಳಿದವರಿಗೆ ಹೇಳುತ್ತಿದ್ದೆವು. ಅದು ಅರ್ಧ ಸತ್ಯ. ಉಳಿದರ್ಧವನ್ನು ಯಾರಿಗೂ ಹೇಳಿರಲಿಲ್ಲ, ನಮ್ಮ ನಮ್ಮಲ್ಲೂ ಹೇಳಿಕೊಂಡಿರಲಿಲ್ಲ. ಕಳೆದ ವರ್ಷ, ಅಂದರೆ 2025ರ ನವೆಂಬರ್‌ನ ಒಂದು ಭಾನುವಾರ ಬೆಂಗಳೂರಿನ ಒಂದು ದುಬಾರಿ ರೆಸ್ಟೋರೆಂಟಿನಲ್ಲಿ ನಾವು ಮಧ್ಯಾಹ್ನ ಹನ್ನೆರಡೂವರೆಗೆ ಕೂತವರು ನಾಲ್ಕು ಗಂಟೆ ದಾಟಿದ ಮೇಲೆ ಎದ್ದೆವು. ಆ ಊಟದ ಬಗ್ಗೆ ಬರೆಯಬೇಕೆನಿಸಿದ್ದು ಅಲ್ಲಿನ ತಿನಿಸು ರುಚಿಯಾಗಿತ್ತೆಂದಲ್ಲ. ರುಚಿಯಾಗಿತ್ತು, ಆ ಮಾತು ಬೇರೆ.

ಮೊದಲು ನಮ್ಮ ಪರಿಚಯ. ಹೆಸರುಗಳು ಬೇಡ, ಹಾಸ್ಟೆಲಿನ ಅಡ್ಡ ಹೆಸರುಗಳೇ ಸಾಕು. 1989ರಿಂದ 92ರವರೆಗೆ ಮಂಗಳೂರಿನಲ್ಲಿ ಓದುವಾಗ ಒಂದೇ ಹಾಸ್ಟೆಲಿನ ಅಕ್ಕಪಕ್ಕದ ಕೋಣೆಗಳಲ್ಲಿದ್ದವರು ನಾವು. ಪದವಿ ಮುಗಿಯುತ್ತಲೇ ಕೊಲ್ಲಿಗೆ ಹೋಗುವೆನೆಂದು ಮೊದಲ ವರ್ಷದಿಂದಲೇ ಹೇಳುತ್ತಿದ್ದವನಿಗೆ 'ಸೌದಿ' ಎಂದು ಹೆಸರು ಬಿತ್ತು, ಹಾಗೆಯೇ ಹೋದ. ಯಾವ ಜಗಳದಲ್ಲೂ ಎರಡೂ ಕಡೆಯವರಿಗಾಗಿ ವಾದಿಸುತ್ತಿದ್ದವನು 'ವಕೀಲ'. ಈಗ ನಿಜವಾಗಿಯೂ ವಕೀಲ. ತಿಂಗಳ ಕೊನೆಯಲ್ಲೂ ಜೇಬಿನಲ್ಲಿ ದುಡ್ಡಿರುತ್ತಿದ್ದವನು 'ಬ್ಯಾಂಕ್'. ಅವನು ಬ್ಯಾಂಕಿನಲ್ಲೇ ಅಧಿಕಾರಿಯಾದ. ನಮಗೆಲ್ಲ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದವನು 'ಮೇಷ್ಟ್ರು'. ತುಮಕೂರಿನ ಕಾಲೇಜೊಂದರಲ್ಲಿ ಉಪನ್ಯಾಸಕ. ಐದನೆಯವನು 'ಗಡಿಯಾರ'. ಇಡೀ ಮಹಡಿಯಲ್ಲಿ ಅಲಾರಂ ಗಡಿಯಾರ ಇದ್ದದ್ದು ಅವನೊಬ್ಬನ ಬಳಿ. ಪುತ್ತೂರು ಕಡೆಯ ಅಡಿಕೆ ತೋಟದ ಮನೆಯವನು. ಸಂಧ್ಯಾವಂದನೆ ಬಿಡದ, ಮೊಟ್ಟೆ ಕೂಡ ಮುಟ್ಟದ ಮನೆತನ.

ಆ ಗಡಿಯಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ರಂಜಾನ್ ತಿಂಗಳಲ್ಲಿ ಸೌದಿ ಮತ್ತು ಮೇಷ್ಟ್ರು ಉಪವಾಸ ಹಿಡಿಯುತ್ತಿದ್ದರು. ಸಹರಿಗೆ, ಬ್ಯಾರಿಗಳ ಮಾತಿನಲ್ಲಿ ಅತ್ತಾಳಕ್ಕೆ, ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. ಇಬ್ಬರೂ ಕುಂಭಕರ್ಣರು. ಅವರನ್ನು ಎಬ್ಬಿಸಲೆಂದು ಗೆಳೆಯ ತನ್ನ ಅಲಾರಂ ಇಟ್ಟು, ತಾನೇ ಎದ್ದು, ಕಣ್ಣುಜ್ಜಿಕೊಂಡು ಬಂದು ಬಾಗಿಲು ಬಡಿಯುತ್ತಿದ್ದ. ಮೆಸ್ಸಿನಲ್ಲಿ ರಾತ್ರಿ ಎತ್ತಿಟ್ಟ ಕುಚ್ಚಲಕ್ಕಿ ಅನ್ನ, ಮೊಸರು, ಜೊತೆಗೆ ಅವನ ಅಮ್ಮ ಡಬ್ಬಿಯಲ್ಲಿ ಕಳಿಸಿದ ಹಲಸಿನ ಹಪ್ಪಳ ಮತ್ತು ಮಿಡಿ ಉಪ್ಪಿನಕಾಯಿ. ಉಪವಾಸವಿಲ್ಲದ ನಾವೂ ಎದ್ದು ಸೇರಿಕೊಳ್ಳುತ್ತಿದ್ದೆವು. ಆ ತಾಯಿಯ ಹಪ್ಪಳದಿಂದ ಎಷ್ಟು ಉಪವಾಸಗಳು ಆರಂಭವಾದವೋ ಲೆಕ್ಕವಿಲ್ಲ. ಅದನ್ನು ಆಗ ನಾವು ಸೌಹಾರ್ದ ಎಂದೆಲ್ಲ ಕರೆಯುತ್ತಿರಲಿಲ್ಲ. ಆ ಪದವೇ ನಮ್ಮ ಬಾಯಲ್ಲಿರಲಿಲ್ಲ. ಅದು ಹಪ್ಪಳವಾಗಿತ್ತು, ಅಷ್ಟೆ.

ಕಾಲೇಜು ಮುಗಿದ ಮೇಲೂ ವರ್ಷಕ್ಕೋ ಎರಡು ವರ್ಷಕ್ಕೋ ಸೇರುತ್ತಿದ್ದೆವು. ಕೊನೆಯದಾಗಿ ಸೇರಿದ್ದು 2018ರಲ್ಲಿ, ಬ್ಯಾಂಕಿನವನ ಹೊಸ ಮನೆಯ ಪ್ರವೇಶಕ್ಕೆ. ಆಮೇಲೆ ಕೊರೊನಾ ಬಂತು. ಸೇರುವುದು ತಪ್ಪಿದರೂ ಫೋನಿನಲ್ಲಿ 'ಐವರು' ಎಂಬ ವಾಟ್ಸ್‌ಆ್ಯಪ್ ಗುಂಪು ಇತ್ತು. ಯಾರಿಗೆ ಜ್ವರ, ಯಾರಿಗೆ ಆಮ್ಲಜನಕ, ಯಾರ ಊರಿನಲ್ಲಿ ಎಷ್ಟು ಸಾವು ಎಂದು ದಿನಕ್ಕೆ ಹತ್ತು ಸಲ ವಿಚಾರಿಸಿಕೊಂಡೆವು. ಆ ರೋಗ ನಮ್ಮನ್ನು ದೂರ ಮಾಡಲಿಲ್ಲ. ದೂರ ಮಾಡಿದ್ದು ಅದು ಇಳಿದ ಮೇಲೆ ಬಂದ ಇನ್ನೊಂದು.

2022ರ ಆರಂಭದ ತಿಂಗಳುಗಳು ಓದುಗರಿಗೆ ನೆನಪಿರಬಹುದು. ಉಡುಪಿಯಿಂದ ಶುರುವಾದ ಹಿಜಾಬ್ ವಿವಾದ ಇಡೀ ರಾಜ್ಯದ ಕಾಲೇಜುಗಳಿಗೆ ಹಬ್ಬಿತ್ತು. ಮಾರ್ಚ್‌ನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಫಲಕಗಳು ಕಾಣಿಸಿಕೊಂಡವು. ಅದರ ಬೆನ್ನಿಗೇ, ಯುಗಾದಿಯ ಮರುದಿನದ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ಎದ್ದಿತು. ಒಂದು ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಗುಂಪಿಗೂ ಆ ಕರೆಯ ಸಂದೇಶ ಬಂತು. ಕಳಿಸಿದವನು ಗಡಿಯಾರ.

ಈಗ ಯೋಚಿಸಿದರೆ ಅದರಲ್ಲಿ ನಗುವ ವಿಷಯವೂ ಇದೆ. ಮಾಂಸವನ್ನೇ ಮುಟ್ಟದವನಿಗೆ ಹಲಾಲೇನು, ಜಟ್ಕಾ ಏನು? ಹೊಸತೊಡಕು ಹಳೆ ಮೈಸೂರು ಸೀಮೆಯ ಹಬ್ಬ. ಅವನ ಊರಿನಲ್ಲಿ ಹೊಸ ವರ್ಷವೆಂದರೆ ಏಪ್ರಿಲ್ ನಡುವಿನ ಬಿಸು. ತನ್ನದಲ್ಲದ ಹಬ್ಬಕ್ಕೆ, ತಾನು ತಿನ್ನದ ಮಾಂಸವನ್ನು, ಯಾರ ಬಳಿ ಕೊಳ್ಳಬಾರದೆಂದು ತನ್ನ ಗೆಳೆಯರಿಗೆ ಹೇಳಿದ್ದ! ಆದರೆ ಆ ರಾತ್ರಿ ಯಾರೂ ನಗಲಿಲ್ಲ. ಯಾರೂ ಜಗಳವಾಡಲೂ ಇಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತು. ಐವರ ಪೈಕಿ ಒಬ್ಬನೂ ಒಂದಕ್ಷರ ಬರೆಯಲಿಲ್ಲ. ಬೆಳಿಗ್ಗೆಯೂ ಇಲ್ಲ, ಮರುದಿನವೂ ಇಲ್ಲ. ಆ ಸಂದೇಶವೇ ಗುಂಪಿನ ಕೊನೆಯ ಮಾತಾಗಿ ಮೂರೂವರೆ ವರ್ಷ ಹಾಗೆಯೇ ಉಳಿಯಿತು.

ಮೌನಕ್ಕೆ ಒಂದು ಗುಣವಿದೆ, ಅದು ಬೆಳೆಯುತ್ತದೆ. 2023ರ ಮಳೆಗಾಲದಲ್ಲಿ ಗಡಿಯಾರನ ಅಮ್ಮ ತೀರಿಕೊಂಡರು. ಸುದ್ದಿ ನಮಗೆಲ್ಲ ಹೇಗೋ ತಲುಪಿತು. ದಮ್ಮಾಮಿನಿಂದ ಸೌದಿ ಒಬ್ಬ ಫೋನ್ ಮಾಡಿದ. ಉಳಿದವರು ಯಾರೂ ಹೋಗಲಿಲ್ಲ. ಮಂಗಳೂರಿನ ವಕೀಲನಿಗೆ ಆ ಮನೆ ಒಂದೂವರೆ ಗಂಟೆಯ ದಾರಿ. ಹೋಗದ್ದಕ್ಕೆ ಒಬ್ಬೊಬ್ಬರಿಗೂ ಕಾರಣವಿತ್ತು, ಆ ಕಾರಣವನ್ನು ನಾವು ನಂಬಿಕೊಂಡೂ ಇದ್ದೆವು.

ಅಕ್ಟೋಬರ್‌ನಲ್ಲಿ ಸೌದಿಯಿಂದ ಒಬ್ಬೊಬ್ಬರಿಗೂ ಪ್ರತ್ಯೇಕ ಫೋನ್ ಬಂತು. ಎಕ್ಸಿಟ್ ಹೊಡೆಸಿಕೊಂಡು ಶಾಶ್ವತವಾಗಿ ಊರಿಗೆ ಬಂದಿದ್ದ. "ಒಂದು ಊಟ ಉಂಟು, ಬರಬೇಕು. ಐದೂ ಮಂದಿ. ಬೆಂಗಳೂರಿನಲ್ಲಿ." ಬೆಂಗಳೂರು ಯಾಕೆ ಮಾರಾಯ, ಎಲ್ಲರೂ ಇರುವುದು ಊರ ಬದಿಯಲ್ಲಲ್ಲವಾ ಎಂದು ವಕೀಲ ಕೇಳಿದ್ದಕ್ಕೆ ಅವನ ಉತ್ತರ ಸಿದ್ಧವಿತ್ತು. "ನಿನ್ನ ಮನೆಯಲ್ಲಿ ಮಾಡಿದರೆ ಅವನು ಬರ್ಲಿಕ್ಕಿಲ್ಲ. ನನ್ನ ಮನೆಯಲ್ಲಿ ಅವನು ಉಣ್ಣಲಿಕ್ಕಿಲ್ಲ. ಅವನ ಮನೆಗೆ ನಾವು ಯಾವ ಮೋರೆ ಹೊತ್ತುಕೊಂಡು ಹೋಗುವುದು? ಮಂಗಳೂರಿನ ಹೊಟೇಲಾದರೆ ನಾಲ್ಕು ಮಂದಿ ಪರಿಚಯದವರು ಬಂದು ಇಣುಕುತ್ತಾರೆ. ಯಾರ ಮನೆಯೂ ಅಲ್ಲದ ಜಾಗ ಬೇಕು." ದುಬಾರಿ ಯಾಕೆ? "ಅಲ್ಲಿ ಆರ್ಡರ್ ಕೊಟ್ಟ ಮೇಲೆ ಯಾರೂ ನಡುವಿನಲ್ಲಿ ಎದ್ದು ಹೋಗುವುದಿಲ್ಲ. ದುಡ್ಡಿನ ಮುಖ ನೋಡಿಯಾದರೂ ಕೂತುಕೊಳ್ಳುತ್ತಾರೆ."

ಹೀಗೆ ನಾವು ಆ ಭಾನುವಾರ ಸೇರಿದೆವು. ಹೈಕೋರ್ಟಿನಲ್ಲಿ ಸೋಮವಾರ ಕೆಲಸವಿದ್ದುದರಿಂದ ವಕೀಲ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಬಂದ. ಮೇಷ್ಟ್ರು ತುಮಕೂರಿನಿಂದ ರೈಲಿನಲ್ಲಿ ಬಂದರು. ಗಡಿಯಾರನ ಮಗ ಬೆಂಗಳೂರಿನ ಕಂಪನಿಯೊಂದರಲ್ಲಿದ್ದಾನೆ. ಅವನ ಮನೆಗೆ ಬಂದವನು ಅಲ್ಲಿಂದ ಒಬ್ಬನೇ ಆಟೋದಲ್ಲಿ ಬಂದ. ಬಾಗಿಲಲ್ಲಿ ಸಮವಸ್ತ್ರದ ಕಾವಲುಗಾರ ಕಾರುಗಳಿಗೆ ಸಲಾಮು ಹೊಡೆಯುತ್ತಿದ್ದ. ಆಟೋದಿಂದ ಇಳಿದವನನ್ನು ಒಂದು ಕ್ಷಣ ಮೇಲಿಂದ ಕೆಳಗೆ ನೋಡಿದ. ಬಿಳಿ ಪಂಚೆ, ಕೈಯಲ್ಲಿ ಬಟ್ಟೆಯ ಚೀಲ. "ಇವರು ನಮ್ಮವರು" ಎಂದು ಸೌದಿ ಮುಂದೆ ಹೋಗಿ ಕೈ ಹಿಡಿದ. ಕಾವಲುಗಾರನಿಗೆಂದು ಹೇಳಿದ ಆ ಮಾತು ಹಿಂದೆ ನಿಂತಿದ್ದ ನಮ್ಮೆಲ್ಲರಿಗೂ ತಾಗಿತು.

ಒಳಗೆ ತಂಪು. ಮಂದ ಬೆಳಕು. ಕೇಳಿಸಿಯೂ ಕೇಳಿಸದಂಥ ಸಂಗೀತ. ಐದು ಕುರ್ಚಿಯ ದುಂಡು ಮೇಜು. ಕೂತೆವು. ಬಿಸಿಲು, ಬಸ್ಸು, ರಸ್ತೆಯ ಗುಂಡಿ ಎಂದು ಹತ್ತು ನಿಮಿಷ ಮಾತಾಡಿದೆವು. ಆಮೇಲೆ ಮಾತು ತೀರಿಹೋಯಿತು. ಪುಣ್ಯಕ್ಕೆ ಮೆನು ಬಂತು.

ದೊಡ್ಡ ಹೊಟೇಲುಗಳ ಮೆನು ಓದುವುದೇ ಒಂದು ಮನರಂಜನೆ. 'ಡೆಲಿಕೇಟ್ ರೈಸ್ ಕ್ರೇಪ್ಸ್' ಎಂದು ಬರೆದಿದ್ದರು. ಕೆಳಗಿನ ವಿವರ ಓದಿದರೆ ನಮ್ಮ ನೀರುದೋಸೆ. 'ರೆಡ್ ರೈಸ್ ಕಾಂಜಿ ವಿತ್ ಹೌಸ್ ಪಿಕಲ್' ಎಂದರೆ ಜ್ವರ ಬಂದವರಿಗೆ ಕೊಡುವ ಕುಚ್ಚಲಕ್ಕಿ ಗಂಜಿ. ಕುಂದಾಪುರದ ಘೀ ರೋಸ್ಟ್ ಇಲ್ಲಿ ಅಂಗೈಯಗಲದ ತಟ್ಟೆಗೆ ಏಳುನೂರು ರೂಪಾಯಿಯಾಗಿತ್ತು. "ಹಾಸ್ಟೆಲಿನಲ್ಲಿ ಈ ಗಂಜಿಗೆ ಬೈದು ಬೈದು ಉಂಡಿದ್ದೇವಲ್ಲ, ಅದರ ಶಾಪ ಇದು" ಎಂದ ಬ್ಯಾಂಕ್. ಮೊದಲ ಸಲ ಐವರೂ ಒಟ್ಟಿಗೆ ನಕ್ಕೆವು. ಹಂಪನಕಟ್ಟೆಯ ಹೊಟೇಲಿನಲ್ಲಿ ಹತ್ತು ರೂಪಾಯಿಯ ಒಂದು ನೋಟಿನಲ್ಲಿ ಐವರಿಗೂ ಗೋಳಿಬಜೆ, ಚಾ ಮುಗಿಸಿದ ದಿನಗಳು ನೆನಪಾದವು.

ಆರ್ಡರ್ ಬರೆದುಕೊಳ್ಳಲು ಬಂದವನು ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ. ಅಸ್ಸಾಮಿನವನಂತೆ, ಬೆಂಗಳೂರಿಗೆ ಬಂದು ನಾಲ್ಕು ವರ್ಷ, ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು. ಸೌದಿ ಘೀ ರೋಸ್ಟ್ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಡಿಯಾರ ಆ ಹುಡುಗನನ್ನು ಕೇಳಿದ, "ತಮ್ಮಾ, ಇಲ್ಲಿ ಕೋಳಿ ಹಲಾಲ್ ತಾನೆ?"

ಹುಡುಗ "ಹೌದು ಸರ್" ಎಂದ. ಅವನಿಗೆ ಅದು ದಿನಕ್ಕೆ ಇಪ್ಪತ್ತು ಸಲ ಬರುವ ಪ್ರಶ್ನೆ. ಪಂಚೆ ಉಟ್ಟ, ಹಣೆಯಲ್ಲಿ ಗಂಧವಿರುವ ವ್ಯಕ್ತಿ ಕೇಳುತ್ತಿರುವುದು ಮಾತ್ರ ವಿಚಿತ್ರವೆನಿಸಿರಬೇಕು. ಗಡಿಯಾರ ಅವನಿಗೇ ವಿವರಿಸಿದ. "ನನಗಲ್ಲ. ಇವರಿಬ್ಬರಿಗೆ. ಇವರು ಕೇಳಲಿಕ್ಕೆ ಸಂಕೋಚ ಮಾಡುತ್ತಾರೆ, ಅದಕ್ಕೆ."

ಹುಡುಗ ಹೋದ. ಮೇಜಿನ ಮೇಲೆ ಮತ್ತೆ ಮೌನ. ಗಡಿಯಾರನೇ ಮಾತು ತೆಗೆದ. ನೋಡದೆ ಒತ್ತಿಬಿಟ್ಟೆ, ಮಗನ ಕೈ ತಾಗಿತು ಎಂದೇನಾದರೂ ಹೇಳುತ್ತಾನೆ, ನಾವೂ ಹೌದು ಹೌದು ಎಂದು ವಿಷಯ ಮುಗಿಸಿಬಿಡೋಣ ಎಂದು ಮನಸ್ಸಿನಲ್ಲೇ ಸಿದ್ಧರಾಗಿದ್ದೆವು. ಅವನು ಹಾಗೆ ಹೇಳಲಿಲ್ಲ.

"ಓದದೆ ಕಳಿಸಿದೆ ಅಂದರೆ ಸುಳ್ಳಾಗುತ್ತದೆ. ಓದಿಯೇ ಕಳಿಸಿದ್ದು. ಆಗ ಎಲ್ಲ ಕಡೆಯಿಂದ ಅದೇ ಬರುತ್ತಿತ್ತು. ದಿನಕ್ಕೆ ನೂರು. ನಂಬಿದೆ. ಹನ್ನೊಂದು ಮಂದಿಗೆ ಕಳಿಸಿದೆ. ನಮ್ಮ ಗುಂಪಿನ ಹೆಸರು ಬಂದಾಗ ಕೈ ಒಂದು ಸಲ ನಿಂತಿತು. ಆದರೂ ಒತ್ತಿದೆ. ಆ ನಿಂತದ್ದುಂಟಲ್ಲ, ಅದು ಮೂರು ವರ್ಷದಿಂದ ನನ್ನನ್ನು ತಿಂತಾ ಉಂಟು."

ಮೇಷ್ಟ್ರು ನೀರು ಕುಡಿದು ಲೋಟ ಕೆಳಗಿಟ್ಟರು. "ಆವತ್ತು ನಾನು ಉತ್ತರ ಬರೆದಿದ್ದೆ. ಉದ್ದಕ್ಕೆ. ಬರೆದು ಅಳಿಸಿದೆ. ನೀನು ಬಾಗಿಲು ಬಡಿದು ಎಬ್ಬಿಸುತ್ತಿದ್ದೆಯಲ್ಲ, ಅದನ್ನು ನೆನಪಿಸಿ ಬರೆದಿದ್ದೆ. ಕಳಿಸಿದರೆ ನೀನು ಅದನ್ನೂ ಇಲ್ಲವೆಂದುಬಿಟ್ಟರೆ ಎಂದು ಹೆದರಿಕೆಯಾಯಿತು. ಅದಾದರೂ ನನ್ನ ಬಳಿ ಉಳಿಯಲಿ ಎಂದು ಅಳಿಸಿದೆ."

ಆಮೇಲೆ ನಮ್ಮ ಸರದಿ. ಅವನ ಅಮ್ಮನ ಸಾವಿಗೆ ನಾವು ಹೋಗದ ಮಾತನ್ನು ಅವನು ಎತ್ತಲಿಲ್ಲ, ಎತ್ತುವವನೂ ಅಲ್ಲ. ವಕೀಲನೇ ಎತ್ತಿದ. ಎರಡೂ ಕಡೆಯವರಿಗೆ ವಾದಿಸುವವನ ಬಳಿ ಆ ದಿನ ನಮ್ಮ ಕಡೆಗೆ ವಾದವೇ ಇರಲಿಲ್ಲ. "ಒಂದೂವರೆ ಗಂಟೆಯ ದಾರಿ. ನಾನು ಬರಲಿಲ್ಲ. ನಿನ್ನ ಮೆಸೇಜನ್ನು ನೆಪ ಮಾಡಿಕೊಂಡೆ" ಎಂದ. ನಾವೆಲ್ಲ ಅದನ್ನೇ ಮಾಡಿದ್ದೆವು. ಒಂದು ಸಂದೇಶದ ತಪ್ಪನ್ನು ಒಂದು ಸಾವಿನ ಮೇಲೆ ತೀರಿಸಿಕೊಂಡಿದ್ದೆವು. ಯಾವುದು ದೊಡ್ಡ ತಪ್ಪು ಎಂದು ತೂಗಲು ನಮ್ಮಲ್ಲಿ ತಕ್ಕಡಿ ಇಲ್ಲ. ಅವನು ಹನ್ನೊಂದು ಮಂದಿಗೆ ಕಳಿಸಿದ್ದ. ಹಪ್ಪಳ ಕಳಿಸಿದ ತಾಯಿ ನಮಗೆ ಏನು ಮಾಡಿದ್ದರು?

ಊಟ ಬಂತು. ತಿನ್ನುತ್ತ ತಿನ್ನುತ್ತ ಮಾತು ಸಡಿಲವಾಯಿತು. ಒಂದು ಗಂಟೆಯ ಊಟ ಮೂರು ಗಂಟೆಗೆ ಹಬ್ಬಿದ್ದು ಹೀಗೆ.

ರೆಸ್ಟೋರೆಂಟ್ ಎಂಬ ಪದದ ಮೂಲವನ್ನು ಮೇಷ್ಟ್ರು ಹೇಳಿದರು. ಹದಿನೆಂಟನೆಯ ಶತಮಾನದ ಪ್ಯಾರಿಸ್‌ನಲ್ಲಿ ಬಳಲಿದವರಿಗೆ ಕೊಡುವ, ಚೇತರಿಕೆ ತರುವ ಮಾಂಸದ ಸಾರಿಗೆ ಆ ಹೆಸರಿತ್ತಂತೆ. ಆಮೇಲೆ ಅದನ್ನು ಮಾರುವ ಜಾಗಕ್ಕೂ ಅದೇ ಹೆಸರು ಅಂಟಿತು. "ಅಂದರೆ ನಾವು ಸರಿಯಾದ ಜಾಗಕ್ಕೇ ಬಂದಿದ್ದೇವೆ" ಎಂದ ಸೌದಿ.

ಅದಕ್ಕೆ ವಕೀಲ ನಮ್ಮ ನಾಡಿನ ಹೊಟೇಲುಗಳ ಕಥೆ ಸೇರಿಸಿದ. ಹೊರಗೆ ದುಡ್ಡು ಕೊಟ್ಟು ಉಣ್ಣುವುದೇ ಒಂದು ಕಾಲದಲ್ಲಿ ದೊಡ್ಡ ಧರ್ಮಸಂಕಟವಾಗಿತ್ತು. ಯಾರು ಬೇಯಿಸಿದರು, ಪಕ್ಕದಲ್ಲಿ ಯಾರು ಕೂತರು ಎಂಬುದು ಅನ್ನಕ್ಕಿಂತ ಮುಖ್ಯವಾಗಿತ್ತು. ಹಾಗಾಗಿ ಸ್ವಾತಂತ್ರ್ಯಪೂರ್ವದ ಎಷ್ಟೋ ಹೊಟೇಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ. ದಲಿತರಿಗೆ ಒಳಗೆ ಪ್ರವೇಶವೇ ಇಲ್ಲ. ಅದು ಬದಲಾದದ್ದು ಹೊಟೇಲಿನವರ ಒಳ್ಳೆಯತನದಿಂದಷ್ಟೇ ಅಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೊಟೇಲು, ಉಪಾಹಾರ ಗೃಹಗಳನ್ನು ಹೆಸರಿಸಿಯೇ ಹೇಳಿತು: ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ಅಲ್ಲಿಂದ ದೂರವಿಡುವಂತಿಲ್ಲ. 1955ರ ಕಾಯಿದೆ ಅಸ್ಪೃಶ್ಯತೆಯ ಹೆಸರಿನಲ್ಲಿ ಹಾಗೆ ದೂರವಿಡುವುದನ್ನು ಶಿಕ್ಷೆಗೆ ಒಳಪಡಿಸಿತು. ದೇಶದ ಮೂಲ ಕಾನೂನು ಬರೆಯಲು ಕೂತವರು ಹೊಟೇಲಿನ ಮೇಜಿನ ಬಗ್ಗೆಯೂ ಯೋಚಿಸಿದರು ಎಂದರೆ ಅದು ಎಷ್ಟು ದೊಡ್ಡ ಗಾಯವಾಗಿದ್ದಿರಬೇಕು! ಇಂದಿಗೂ ಕೆಲವು ಹಳ್ಳಿಗಳ ಚಾದಂಗಡಿಗಳಲ್ಲಿ ಎರಡು ಬಗೆಯ ಲೋಟಗಳಿರುವ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ನಾವು ಐವರು ಒಂದು ಮೇಜಿಗೆ ಕೂತಿದ್ದರ ಹಿಂದೆ ಎಷ್ಟೋ ಜನರ ಹೋರಾಟವಿತ್ತು. ಹಾಸ್ಟೆಲಿನಲ್ಲಿ ಅದು ನಮಗೆ ಬಿಟ್ಟಿಯಾಗಿ ಸಿಕ್ಕಿತ್ತು. ಅದಕ್ಕೇ ಬೆಲೆ ತಿಳಿಯಲಿಲ್ಲವೋ ಏನೋ.

ಆದರೆ ಒಂದು ಬಾಗಿಲು ತೆರೆದಾಗ ಇನ್ನೊಂದು ಮುಚ್ಚುತ್ತದೆ. ಈ ಹೊಟೇಲಿನ ಬಾಗಿಲಲ್ಲಿ ಯಾರೂ ನಮ್ಮ ಜಾತಿ ಕೇಳಲಿಲ್ಲ, ಧರ್ಮ ಕೇಳಲಿಲ್ಲ. ಆಟೋದಲ್ಲಿ ಬಂದವನನ್ನು ಮಾತ್ರ ಮೇಲಿಂದ ಕೆಳಗೆ ನೋಡಿದರು. ಮೆನುವಿನ ಬಲಬದಿಯ ಅಂಕಿಗಳೇ ಇಲ್ಲಿ ಕಾವಲುಗಾರರು.

ಮಾತು ಸೌದಿಯ ಕಡೆ ತಿರುಗಿತು. ಇಪ್ಪತ್ತೇಳು ವರ್ಷ ದುಡಿದವನು ಹೇಗೆ ಬಂದ ಎಂದು ಯಾರೂ ಕೇಳಿರಲಿಲ್ಲ. ಕೊಲ್ಲಿಯಿಂದ ಬಂದವನೆಂದರೆ ಜೇಬು ತುಂಬಿದವನೆಂದು ನಮ್ಮೂರಿನ ಲೆಕ್ಕ. ಅವನು ನಿಧಾನವಾಗಿ ಹೇಳಿದ. ಸೌದಿ ಅರೇಬಿಯದಲ್ಲಿ ಸ್ವದೇಶಿಯರಿಗೆ ಉದ್ಯೋಗ ಮೀಸಲಿಡುವ ನಿತಾಕತ್ ಯೋಜನೆ 2011ರಲ್ಲಿ ಬಂತು. 2017ರ ಜುಲೈಯಿಂದ ಅಲ್ಲಿ ಕುಟುಂಬ ಇಟ್ಟುಕೊಂಡ ವಿದೇಶಿಯರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಿತ್ತು. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ ಅದು 400 ಆಯಿತು. ಹೆಂಡತಿ, ಮೂವರು ಮಕ್ಕಳು. ನಾಲ್ಕು ತಲೆಗೆ ತಿಂಗಳಿಗೆ 1,600 ರಿಯಾಲ್ ಆಗುವ ಲೆಕ್ಕ ಮೊದಲೇ ಕಂಡು 2018ರಲ್ಲೇ ಸಂಸಾರವನ್ನು ಊರಿಗೆ ಕಳಿಸಿದ್ದ. ಬ್ಯಾಂಕಿನವನ ಮನೆ ಪ್ರವೇಶಕ್ಕೆ ಬಂದಿದ್ದು ಅವರನ್ನು ಬಿಡಲು ಬಂದಾಗಲೇ. ಆಗ ನಮ್ಮೊಂದಿಗೆ ನಗುತ್ತ ಕೂತವನು ಇದನ್ನು ಹೇಳಿರಲಿಲ್ಲ. ಏಳು ವರ್ಷ ಒಂದು ಕೋಣೆಯಲ್ಲಿ ನಾಲ್ವರ ಜೊತೆ ಇದ್ದ. ಈ ವರ್ಷ ಕಂಪನಿ ಕೆಲಸದವರನ್ನು ಕಡಿಮೆ ಮಾಡಿತು. ಬಂದ.

"ಹಾಗಾದರೆ ಈ ಊಟ ಯಾಕೆ ಮಾರಾಯ, ಇಷ್ಟು ದುಬಾರಿದು?" ಎಂದ ಬ್ಯಾಂಕ್.

"ಅಲ್ಲಿ ಏಳು ವರ್ಷ ರಾತ್ರಿ ಊಟಕ್ಕೆ ಕೂತಾಗ ಎದುರಿಗೆ ಗೋಡೆ ಇರುತ್ತಿತ್ತು. ಊರಿಗೆ ಹೋದ ಮೇಲೆ ಒಂದು ಸಲ ಐದೂ ಮಂದಿಯ ಮುಖ ನೋಡಿಕೊಂಡು ಉಣ್ಣಬೇಕು ಎಂದು ಇಟ್ಟುಕೊಂಡ ದುಡ್ಡು. ಇದಕ್ಕೆ ಲೆಕ್ಕ ಕೇಳಬೇಡಿ."

ಕೇಳಲಿಲ್ಲ.

ಮೂರೂವರೆಯ ಹೊತ್ತಿಗೆ ಸುತ್ತಲಿನ ಮೇಜುಗಳು ಖಾಲಿಯಾಗಿದ್ದವು. ನಮ್ಮ ಮೇಜಿನ ಹುಡುಗ ಕಂಬದ ಬಳಿ ಕೈಕಟ್ಟಿ ನಿಂತಿದ್ದ. ಚಾ ಹೇಳಲು ಕರೆದಾಗ ಗಡಿಯಾರ ಕೇಳಿದ, "ನಿನ್ನ ಊಟ ಆಯಿತಾ ತಮ್ಮಾ?" ಹುಡುಗ ನಕ್ಕು ತಲೆ ತಗ್ಗಿಸಿದ. ಗಿರಾಕಿಗಳೆಲ್ಲ ಎದ್ದ ಮೇಲೆ ಸಿಬ್ಬಂದಿಯ ಊಟ; ಬೆಳಿಗ್ಗೆ ಹತ್ತಕ್ಕೆ ತಿಂಡಿ ತಿಂದದ್ದು. "ಪರವಾಗಿಲ್ಲ ಸರ್, ನೀವು ಕೂತ್ಕೊಳ್ಳಿ."

ನಮಗೆ ನಾಚಿಕೆಯಾಯಿತು. ಮುರಿದ ಸ್ನೇಹ ಕೂಡಿಸಿಕೊಳ್ಳುತ್ತಿದ್ದೇವೆಂದು ನಾವು ನೆಮ್ಮದಿಯಾಗಿ ಕೂತಿದ್ದಷ್ಟೂ ಹೊತ್ತು ಒಬ್ಬ ಹುಡುಗ ಹಸಿದು ನಿಂತಿದ್ದ. ಅನ್ನ ಬೇಯಿಸಿ ತಂದವನನ್ನೂ ಜೊತೆಗೆ ಕೂರಿಸಿಕೊಳ್ಳಬೇಕು, ಅದಾಗದಿದ್ದರೆ ಅದರಲ್ಲಿ ಒಂದು ತುತ್ತನ್ನಾದರೂ ಅವನಿಗೆ ಕೊಡಬೇಕು ಎಂಬ ಪ್ರವಾದಿವರ್ಯರ ಬೋಧನೆಯನ್ನು ಮೇಷ್ಟ್ರು ಮೆಲ್ಲಗೆ ನೆನಪಿಸಿದರು. ಅವನನ್ನು ಕೂರಿಸಿಕೊಳ್ಳುವುದು ಇಂಥ ಜಾಗದಲ್ಲಿ ಆಗದ ಮಾತು. ಹಾಗೆ ಮಾಡಿದರೆ ಅವನ ಕೆಲಸಕ್ಕೇ ಕುತ್ತು. ಚಾ ಬೇಡವೆಂದು ಬಿಲ್ಲು ತರಲು ಹೇಳಿದೆವು. ಆ ಕ್ಷಣಕ್ಕೆ ನಮಗೆ ಮಾಡಲು ಸಾಧ್ಯವಿದ್ದದ್ದು ಬೇಗ ಏಳುವುದೊಂದೇ.

ಮೇಜಿನ ಮೇಲೆ ಎರಡು ನೀರುದೋಸೆ, ಅರ್ಧ ಬಟ್ಟಲು ಅನ್ನ, ಒಂದಿಷ್ಟು ಪಲ್ಯ ಉಳಿದಿತ್ತು. ಕಟ್ಟಿಸಿಕೊಂಡೆವು. ದೊಡ್ಡ ಹೊಟೇಲಿನಲ್ಲಿ ಉಳಿದದ್ದನ್ನು ಕಟ್ಟಿಸಿಕೊಳ್ಳಲು ಹಿಂಜರಿಯುವವರಿದ್ದಾರೆ. ಬಿಡಲು ಹಿಂಜರಿಯುವವರು ಕಡಿಮೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಹೊಟೇಲು ಮುಂತಾದವುಗಳ ಪಾಲು ಶೇ. 28. ಮನೆಗಳದ್ದು ಶೇ. 60. ಹೊಟೇಲನ್ನು ಬೈಯುವ ಮೊದಲು ನಮ್ಮ ನಮ್ಮ ಮನೆಯ ಕಸದ ಡಬ್ಬಿ ನೋಡಿಕೊಳ್ಳುವುದು ಒಳ್ಳೆಯದು.

ಬಿಲ್ಲು ಬಂದಾಗ ವಕೀಲ ಕನ್ನಡಕ ಏರಿಸಿಕೊಂಡ. ಬಿಲ್ಲಿಗೆ ಹೊಟೇಲಿನವರು ತಾವಾಗಿಯೇ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ಹೊಟೇಲು ಮಾಲೀಕರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚ್ 28ರಂದು ದಿಲ್ಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಇದನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಅವನು ಕಾಯುತ್ತಿದ್ದ. ಬಿಲ್ಲಿನಲ್ಲಿ ಸೇವಾ ಶುಲ್ಕವೇ ಇರಲಿಲ್ಲ. ಊಟಕ್ಕೆ 10,800, ಅದರ ಮೇಲೆ ಶೇ. 5 ಜಿಎಸ್‌ಟಿ 540, ಒಟ್ಟು 11,340 ರೂಪಾಯಿ. ವಾದಿಸಲು ಏನೂ ಸಿಗದ ವಕೀಲನ ಮುಖ ನೋಡಿ ಮತ್ತೊಮ್ಮೆ ನಕ್ಕೆವು. ಬಿಲ್ಲು ಸೌದಿಯೇ ಕೊಟ್ಟ. ಹುಡುಗನಿಗೆ ಕೊಡುವುದನ್ನು ನಾವು ನಾಲ್ವರು ಸೇರಿಸಿ ಅವನ ಕೈಗೇ ಕೊಟ್ಟೆವು.

ಹೊರಗೆ ಬಂದು ನಡೆಯುತ್ತಿದ್ದಾಗ ದಾರಿಯಲ್ಲೊಂದು ಇಂದಿರಾ ಕ್ಯಾಂಟೀನು ಸಿಕ್ಕಿತು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇವು ಆರಂಭವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ. ಬ್ಯಾಂಕ್ ಲೆಕ್ಕ ಹಾಕದೆ ಇರಲಾರ. "ನಮ್ಮ ಬಿಲ್ಲಿಗೆ ಇಲ್ಲಿ 1,134 ಊಟ" ಎಂದ. ಯಾರೂ ಮಾತಾಡಲಿಲ್ಲ. ಆ ಲೆಕ್ಕ ನಮ್ಮ ಊಟವನ್ನು ಕೆಡಿಸಲಿಲ್ಲ, ಆದರೆ ಜೊತೆಗೆ ಬಂತು. ಬರಲಿ. ಕೆಲವು ಲೆಕ್ಕಗಳು ಜೊತೆಗಿರಬೇಕು.

ಮೆಟ್ರೋ ನಿಲ್ದಾಣದ ಬಳಿ ಬೀಳ್ಕೊಳ್ಳುವಾಗ ಗಡಿಯಾರ ತನ್ನ ಬಟ್ಟೆಯ ಚೀಲದಿಂದ ನಾಲ್ಕು ಪೊಟ್ಟಣ ತೆಗೆದ. ಹಲಸಿನ ಹಪ್ಪಳ. ಅಮ್ಮ ಹೋದ ಮೇಲೆ ಹೆಂಡತಿ ಮಾಡಿದ್ದು, ಅಮ್ಮನ ಕೈ ಬರುವುದಿಲ್ಲ ಎಂದ. ಊಟದ ಮೇಜಿನಲ್ಲೇ ಯಾಕೆ ಕೊಡಲಿಲ್ಲ ಎಂದು ಕೇಳಿದೆವು. "ನೀವು ತೆಗೆದುಕೊಳ್ಳುತ್ತೀರೋ ಇಲ್ಲವೋ ಗೊತ್ತಿರಲಿಲ್ಲ. ಅದಕ್ಕೆ ಕೊನೆಗೆ ಇಟ್ಟುಕೊಂಡೆ."

ಆಮೇಲೆ ಹೇಳಿದ, "ಮುಂದಿನ ಸಲ ಹೊಟೇಲು ಬೇಡ. ಮನೆಗೆ ಬನ್ನಿ. ಅಮ್ಮ ಇಲ್ಲ. ಮನೆ ಉಂಟು."

ಆ ಆಮಂತ್ರಣ ಅವನಿಗೆ ಸುಲಭದ್ದಲ್ಲ ಎಂದು ನಮಗೆ ಗೊತ್ತಿತ್ತು. ಮನೆಯಲ್ಲಿ ಹಿರಿಯರಿದ್ದಾರೆ, ಅಕ್ಕಪಕ್ಕದವರಿದ್ದಾರೆ, ಊರಿನಲ್ಲಿ ನೋಡುವ ಕಣ್ಣುಗಳಿವೆ. ಹೊಟೇಲಿನ ಬಾಗಿಲು ತೆರೆಸಲು ಸಂವಿಧಾನವಿದೆ, ಕಾಯಿದೆಯಿದೆ. ಮನೆಯ ಬಾಗಿಲಿಗೆ ಅಂಥ ಯಾವ ವಿಧಿಯೂ ಇಲ್ಲ. ಅದನ್ನು ಒಳಗಿದ್ದವರೇ ತೆರೆಯಬೇಕು. ಯಾರ ಮನೆಯೂ ಅಲ್ಲದ ಜಾಗದಲ್ಲಿ ಶುರುವಾದದ್ದು ಯಾರದಾದರೂ ಮನೆಯಲ್ಲಿ ಮುಂದುವರಿಯದಿದ್ದರೆ ಅದು ಒಂದು ಒಳ್ಳೆಯ ಊಟವಾಗಿಯಷ್ಟೇ ಉಳಿಯುತ್ತದೆ.

ರಾತ್ರಿ ಹನ್ನೊಂದರ ಹೊತ್ತಿಗೆ ಮೂರೂವರೆ ವರ್ಷದಿಂದ ಸದ್ದಿಲ್ಲದ ಗುಂಪಿನಲ್ಲಿ ಒಂದು ಸಂದೇಶ ಬಂತು. ಕಳಿಸಿದವನು ಗಡಿಯಾರ. ಮಂಗಳೂರಿನಿಂದ ಅವನ ಊರಿಗೆ ಹೋಗುವ ಬಸ್ಸುಗಳ ಸಮಯ, ಬೆಳಿಗ್ಗೆಯಿಂದ ಸಂಜೆಯವರೆಗೆ, ಸಾಲಾಗಿ ಬರೆದಿದ್ದ. ಕೊನೆಯಲ್ಲಿ ಒಂದು ಸಾಲು: ಮೊದಲ ಬಸ್ಸಿಗೆ ಬರುವವರನ್ನು ಎಬ್ಬಿಸುವ ಜವಾಬ್ದಾರಿ ನನ್ನದು.

ಈ ಸಲ ನಾವು ಉತ್ತರ ಬರೆದೆವು.